ಹುಣಸೆ ನೀರಿನಲ್ಲಿ ತಿಮಿಂಗಿಲ

ಗುರುವಾರ ಸಂಜೆ ಐದೂವರೆಗೆ ನಾನು ಕೆಲಸದಿಂದ ಬಂದು ಬಾಗಿಲು ತೆಗೆದಾಗ ನಮ್ಮತ್ತೆ ಸುಲೋಚನಮ್ಮ ಸಿಂಕಿನ ಮುಂದೆ ನಿಂತು ಒಂದು ತಿಮಿಂಗಿಲವನ್ನು ಹುಣಸೆ ಹಣ್ಣು ಹಾಕಿ ಉಜ್ಜುತ್ತಿದ್ದರು.

ತಮಾಷೆಗೆ ಹೇಳುತ್ತಿಲ್ಲ. ಮಾರನೆಯ ದಿನ ವರಮಹಾಲಕ್ಷ್ಮಿ ಹಬ್ಬ. ಬೆಂಗಳೂರಿನ ಹನುಮಂತನಗರದಲ್ಲೇ ಇರಲಿ, ಸ್ವೀಡನ್ನಿನ ಮೋಲ್ನ್‌ಡಾಲ್‌ನಲ್ಲೇ ಇರಲಿ, ಹಬ್ಬದ ಹಿಂದಿನ ದಿನ ದೇವರ ಸಾಮಾನು ತೊಳೆಯದೆ ನಮ್ಮತ್ತೆಗೆ ಉಂಡ ಅನ್ನ ಇಳಿಯುವುದಿಲ್ಲ. ದೀಪದ ಕಂಬ, ತಾಮ್ರದ ಚೊಂಬು, ಗಂಟೆ, ಆರತಿ ತಟ್ಟೆ ಎಲ್ಲ ಟವೆಲ್ಲಿನ ಮೇಲೆ ಬೋರಲು ಬಿದ್ದು ಹೊಳೆಯುತ್ತಿದ್ದವು. ಕೊನೆಗೆ ಉಳಿದದ್ದು ಅವರ ಕೈಯಲ್ಲಿತ್ತು. ಅದು ನೆರೆಯ ಮುದುಕ ಸ್ಟೇನ್ ಅವರ ಪೆಟ್ಟಿಗೆ.

"ಎಷ್ಟು ಮಸಿ ಹಿಡ್ದಿತ್ತು ಕಣೆ ಇದಕ್ಕೆ! ಮಧ್ಯಾಹ್ನದಿಂದ ಹುಣಸೆ ನೀರಲ್ಲಿ ನೆನೆಹಾಕಿದ್ದೆ. ಈಗ ನೋಡು, ಹೇಗಾಯ್ತು."

ಎರಡು ದಿನದಿಂದ ನಾವಿಬ್ಬರೂ ಮಾತು ಬಿಟ್ಟಿದ್ದೆವು. ಇದು ಅವರಾಗಿ ಆಡಿದ ಮೊದಲ ಮಾತು. ರಾಜಿಯಾಗೋಣ ಎಂದು ಅವರು ಆ ಪೆಟ್ಟಿಗೆಯನ್ನು ಬೆಳಗುತ್ತಿದ್ದಾರೆ ಎಂಬುದು ನನಗೆ ಆ ಕ್ಷಣವೇ ಗೊತ್ತಾಯಿತು.

ಪೆಟ್ಟಿಗೆ ಅಂಗೈ ಅಗಲದ್ದು, ಮೊಟ್ಟೆಯ ಆಕಾರದ್ದು. ಸುತ್ತಿನ ಗೋಡೆ ತಿಮಿಂಗಿಲದ ಬಾಯಿಯೊಳಗಿರುವ, ಕೊಂಬಿನಂಥ ಕಪ್ಪು ಪಟ್ಟಿಯದು. ಅದನ್ನು ಬಿಸಿನೀರಿನಲ್ಲಿ ಬಗ್ಗಿಸಿ ಸುತ್ತಿದ್ದರು. ಮುಚ್ಚಳ ತಿಮಿಂಗಿಲದ ದವಡೆ ಮೂಳೆಯದು. ಅದರ ಮೇಲೆ ಸೂಜಿಯಿಂದ ಗೀರಿ, ಗೀರಿದ ಗೆರೆಗೆ ಮಸಿ ತುಂಬಿ ಬರೆದ ಒಂದು ಚಿತ್ರವಿತ್ತು. ಒಂದು ಹಡಗು, ಅದರ ಕೊಳವೆಯಿಂದ ಹೊಗೆ, ಕೆಳಗೆ ಅಲೆಗಳು, ಅಲೆಗಳ ನಡುವೆ ಬೆನ್ನು ತೋರಿಸುವ ತಿಮಿಂಗಿಲ. ಇತ್ತು ಎನ್ನುತ್ತಿದ್ದೇನೆ. ಈಗ ಅತ್ತೆಯ ಕೈಯಲ್ಲಿದ್ದ ಮುಚ್ಚಳ ಸುಣ್ಣ ಬಳಿದ ಗೋಡೆಯ ಹಾಗೆ ಬೋಳಾಗಿತ್ತು.

ನಾನು ಓದಿದ್ದು ಕೆಮಿಸ್ಟ್ರಿ. ಇಲ್ಲಿನ ಒಂದು ಔಷಧಿ ಸಂಶೋಧನೆಯ ಲ್ಯಾಬಿನಲ್ಲಿ ಏಳು ವರ್ಷದಿಂದ ಕೆಲಸ. ಮೂಳೆಗೆ ಹುಳಿ ಬಿದ್ದರೆ ಏನಾಗುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

"ಅತ್ತೆ, ಅದನ್ನ ಯಾಕೆ ಮುಟ್ಟಿದ್ರಿ? ಅದು ಮೂಳೆ ಅತ್ತೆ! ತಿಮಿಂಗಿಲದ ಮೂಳೆ!"

ಅತ್ತೆಯ ಕೈಯಿಂದ ತೆಂಗಿನ ನಾರು ಜಾರಿ ಸಿಂಕಿಗೆ ಬಿತ್ತು. "ಮೂಳೆನಾ?" ಎಂದರು. ಅವರ ಎರಡೂ ಕೈ ಗಾಳಿಯಲ್ಲೇ ನಿಂತವು. "ದೇವರ ಮುಂದೆ ಇಟ್ಟಿದ್ದೀಯಲ್ಲ ನೀನು! ದೇವರ ಮುಂದೆ ಇರೋದನ್ನ ದೇವರ ಸಾಮಾನು ಅನ್ಕೊಳ್ದೆ ಇನ್ನೇನು ಅನ್ಕೊಳ್ಳಿ? ಕುಂಕುಮದ ಭರಣಿ ಅನ್ಕೊಂಡೆ ನಾನು."

ಬಯ್ಯಲು ಬಾಯಿ ತೆರೆದವಳು ಮುಚ್ಚಿದೆ. ಇಟ್ಟದ್ದು ನಾನೇ. ಈ ಮನೆಯಲ್ಲಿ ನನ್ನ ಗಂಡ ಸುಧೀರ್ ಕಾರಿನ ಕೀಲಿ, ಚಾರ್ಜರ್, ಸಾಕ್ಸು ಎಸೆಯದ ಜಾಗವೆಂದರೆ ಪುಸ್ತಕದ ಕಪಾಟಿನ ಮೇಲಿನ ಅರೆ ಒಂದೇ, ನಮ್ಮ ದೇವರ ಮನೆ. ಅಲ್ಲಿಟ್ಟರೆ ಕ್ಷೇಮ ಎಂದುಕೊಂಡಿದ್ದೆ. ಅತ್ತೆಗೆ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ, ಯಾಕೆಂದರೆ ಮಾತು ಬಿಟ್ಟಿದ್ದೆನಲ್ಲ.

ಜಗಳ ಆದದ್ದು ಮಂಗಳವಾರ ಸಂಜೆ. ಅತ್ತೆ ಫೋನಿನಲ್ಲಿ ಮೈಸೂರಿನ ತಂಗಿಗೆ, "ನಮ್ಮ ಕೋಕಿಲಾ ದಿನಾ ಬೆಳಗ್ಗೆ ಎದ್ದು ಬಿಸಿಬಿಸಿ ಅಡುಗೆ ಮಾಡಿಟ್ಟೇ ಕೆಲಸಕ್ಕೆ ಹೋಗೋದು," ಎನ್ನುತ್ತಿದ್ದರು. ಆಗ ಅವರ ತಟ್ಟೆಯಲ್ಲಿದ್ದದ್ದು ಬ್ರೆಡ್ಡು. ನಾನು ಪಕ್ಕದಲ್ಲೇ ನಿಂತು, ಆ ಕಡೆಯವರಿಗೂ ಕೇಳುವ ಹಾಗೆ, "ಯಾಕೆ ಅತ್ತೆ ಸುಳ್ಳು ಹೇಳ್ತೀರ? ಭಾನುವಾರ ಮಾಡಿ ಫ್ರೀಜರ್‌ಗೆ ಹಾಕ್ತೀನಿ ಅಂತ ಹೇಳಿ. ನಂಗೆ ಸುಳ್ಳು ಕಂಡ್ರೆ ಆಗಲ್ಲ," ಎಂದೆ. ಅತ್ತೆಯ ಮುಖ ಇಷ್ಟು ಸಣ್ಣದಾಯಿತು. "ನಿನ್ನ ಬಾಯಿ ಬಹಳ ಖಾರ ಕಣೆ," ಎಂದವರು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ನಾನು ಹಾಗೆಯೇ. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ, ಅದಕ್ಕಾಗಿ ಎಷ್ಟೋ ಜನರಿಗೆ ಬೇಡವಾಗಿದ್ದೇನೆ, ಆ ಬಗ್ಗೆ ನನಗೆ ಒಳಗೊಳಗೇ ಜಂಬವೂ ಇತ್ತು.

ಅದೇ ಮಂಗಳವಾರ ಮಧ್ಯಾಹ್ನ ಸ್ಟೇನ್ ನನಗೆ ಪೆಟ್ಟಿಗೆ ಕೊಟ್ಟಿದ್ದು. ಅವರು ನಮ್ಮ ಕಟ್ಟಡದ ಕೆಳಮಹಡಿಯವರು. ಈಗ ಎಂಬತ್ತೊಂಬತ್ತು. ಹತ್ತೊಂಬತ್ತನೆಯ ವಯಸ್ಸಿಗೆ ನಾರ್ವೆಯವರ ತಿಮಿಂಗಿಲ ಬೇಟೆಯ ಹಡಗಿನಲ್ಲಿ ಅಡುಗೆಮನೆಯ ಕೆಲಸಕ್ಕೆ ಸೇರಿ ದಕ್ಷಿಣ ಸಮುದ್ರಕ್ಕೆ ಹೋಗಿದ್ದರಂತೆ. "ಆರು ತಿಂಗಳು ನೀರು, ಹಿಮ, ರಕ್ತ. ಕೈಗೆ ಕೆಲಸ ಕೊಡದಿದ್ದರೆ ತಲೆ ಕೆಡುತ್ತಿತ್ತು. ಪಾಳಿ ಮುಗಿದವರೆಲ್ಲ ಮೂಳೆಯೋ ಹಲ್ಲೋ ಹಿಡಿದು ಗೀರುತ್ತ ಕೂರುತ್ತಿದ್ದೆವು," ಎನ್ನುತ್ತಿದ್ದರು. ಊರಿನಲ್ಲಿ ಕಾಯುತ್ತಿದ್ದ ಹುಡುಗಿ ಮಾಯ್‌ಬ್ರಿತ್‌ಗಾಗಿ ಮಾಡಿದ ಪೆಟ್ಟಿಗೆ ಅದು. ಮದುವೆಯಾದ ಮೇಲೆ ಅವರು ಅದರಲ್ಲಿ ಜೀವಮಾನವಿಡೀ ತಲೆಪಿನ್ನು ಇಟ್ಟುಕೊಂಡರು.

ನನಗೆ ಸ್ವೀಡಿಷ್ ಕಲಿಸಿದ್ದು ಮಾಯ್‌ಬ್ರಿತ್. ಮಂಗಳವಾರ ನನಗೆ ಅರ್ಧ ದಿನದ ಕೆಲಸ, ಪ್ರತಿ ವಾರ ಆ ಮಧ್ಯಾಹ್ನ ಅವರ ಮನೆಯಲ್ಲಿ ಫೀಕಾ. ಕಾಫಿ, ಏಲಕ್ಕಿ ಬನ್ನು, ನನ್ನ ತಪ್ಪು ಉಚ್ಚಾರಣೆಗೆ ಅವರ ನಗು. ಆ ಹೊತ್ತಿಗೆ ಸ್ಟೇನ್ ಬೇಕೆಂದೇ ವಾಕಿಂಗ್ ಹೋಗುತ್ತಿದ್ದರು. ಕೊನೆಕೊನೆಗೆ ಮಾಯ್‌ಬ್ರಿತ್ ಹಾಸಿಗೆ ಹಿಡಿದಾಗಲೂ ನಾನು ಮಂಗಳವಾರ ತಪ್ಪಿಸಲಿಲ್ಲ. ಏಪ್ರಿಲ್‌ನಲ್ಲಿ ಅವರು ಹೋದರು. ದಹನ ಆಯಿತು. ಇಲ್ಲಿನ ಪದ್ಧತಿಯಲ್ಲಿ ಬೂದಿಯನ್ನು ಎಷ್ಟೋ ತಿಂಗಳ ಮೇಲೆ ಹೂಳುತ್ತಾರೆ. ಅದಕ್ಕೆ ಗೊತ್ತಾದ ದಿನ ಈ ಶುಕ್ರವಾರ, ಮಧ್ಯಾಹ್ನ ಎರಡು ಗಂಟೆ.

ಸ್ಟೇನ್ ಮುಂದಿನ ವಾರ ವೃದ್ಧರ ವಸತಿಗೆ ಹೋಗುವವರಿದ್ದರು. ಇಡೀ ಮನೆ ಒಂದು ಕೋಣೆಗೆ ಇಳಿಯಬೇಕಿತ್ತು. ಮಗಳು ಆನಿಕಾ ಕರೆಸಿದ ಸಾಗಾಟದವರು ಎಲ್ಲವನ್ನೂ ರಟ್ಟಿನ ಡಬ್ಬಿಗಳಿಗೆ ತುಂಬುತ್ತಿದ್ದರು. ಸ್ಟೇನ್ ಅವರ ಕಣ್ಣಿನ ನಡುಭಾಗದ ದೃಷ್ಟಿ ಹೋಗಿ ನಾಲ್ಕು ವರ್ಷವಾಗಿದೆ. "ಇದು ಆ ಡಬ್ಬಿಗಳೊಳಗೆ ಸೇರಿಬಿಟ್ಟರೆ ನನಗೆ ಹುಡುಕಿದರೂ ಸಿಗುವುದಿಲ್ಲ," ಎಂದು ಹೆಂಡತಿಯ ನೀಲಿ ಶಾಲಿನಲ್ಲಿ ಸುತ್ತಿದ್ದ ಗಂಟನ್ನು ಹಾಗೆಯೇ ನನ್ನ ಕೈಗಿಟ್ಟರು. "ಶುಕ್ರವಾರ ಇದನ್ನು ಕೈಯಲ್ಲಿ ಹಿಡಿದುಕೊಂಡೇ ಅವಳನ್ನು ಕಳಿಸಿಕೊಡಬೇಕು. ನೀರು ತಾಗಿಸಬೇಡ. ಬಿಸಿಲಿಗೆ ಇಡಬೇಡ."

ಮನೆ, ಹೆಂಡತಿ, ಕಣ್ಣು ಎಲ್ಲ ಹೋಗಿ ಆ ಮನುಷ್ಯನ ಕೈಯಲ್ಲಿ ಉಳಿದದ್ದು ಇದೊಂದು. ಇದನ್ನು ನಾವು ಹುಣಸೆ ನೀರಿನಲ್ಲಿ ನೆನೆಹಾಕಿದ್ದೆವು.

ಇಷ್ಟನ್ನು ಅತ್ತೆಗೆ ಹೇಳಿ ಮುಗಿಸುವಷ್ಟರಲ್ಲಿ ನನ್ನ ಫೋನು ಹೊಡೆದುಕೊಂಡಿತು. ಸ್ಟೇನ್. ಮಗಳ ಮನೆಯಿಂದ ಮಾಡುತ್ತಿದ್ದರು.

"ಕೋಕಿಲಾ, ನಾಳೆ ಹನ್ನೆರಡಕ್ಕೆ ಬರುತ್ತೇನೆ. ಪೆಟ್ಟಿಗೆ ಹೇಗಿದೆ?"

"ಚೆನ್ನಾಗಿದೆ," ಎಂದೆ. ಉಸಿರು ತೆಗೆದುಕೊಳ್ಳುವುದಕ್ಕೂ ಮೊದಲೇ ಬಂದುಬಿಟ್ಟಿತು ಆ ಮಾತು.

"ಒಳ್ಳೆಯದು. ನಿನ್ನ ಹತ್ತಿರ ಇದೆಯಲ್ಲ, ನಿದ್ದೆ ಬರುತ್ತದೆ ನನಗೆ."

ಫೋನಿಟ್ಟೆ. ಅತ್ತೆ ನನ್ನನ್ನೇ ನೋಡುತ್ತಿದ್ದರು. ಭಾಷೆ ಬರದಿದ್ದರೂ ಯಾರ ಫೋನು ಎಂದು ಅವರಿಗೆ ತಿಳಿದಿತ್ತು. ಹಬ್ಬದ ಮುನ್ನಾದಿನ ಸತ್ತ ಪ್ರಾಣಿಯ ಮೂಳೆ ಮುಟ್ಟಿದ ಮೇಲೆ ನಮ್ಮತ್ತೆ ನೇರ ಬಚ್ಚಲಿಗೆ ಹೋಗಿ ತಲೆಗೆ ಸುರಿದುಕೊಳ್ಳುತ್ತಾರೆ ಎಂದೇ ನಾನು ತಿಳಿದಿದ್ದೆ. ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಪೆಟ್ಟಿಗೆಯನ್ನು ಮತ್ತೆ ಕೈಗೆ ತೆಗೆದುಕೊಂಡರು.

"ಮುಟ್ಟಿದ್ದಂತೂ ಆಯ್ತು. ಸ್ನಾನ ನಾಳೆ ಹೇಗೂ ಇದೆ. ಈಗ ಹೇಳು, ಈ ಗೀರಿಗೆ ಏನು ತುಂಬಿದ್ರು?"

"ದೀಪದ ಮಸಿ. ಎಣ್ಣೆಲಿ ಕಲಸಿ."

"ಅಂದ್ರೆ ಕಾಡಿಗೆ," ಎಂದರು ಅತ್ತೆ.

ಸುಧೀರ್ ಹುಟ್ಟಿದಾಗ ಬಾಣಂತಿ ಕೋಣೆಯಲ್ಲಿ ಅವರೇ ಕಾಡಿಗೆ ಮಾಡಿದವರು. ತಲೆಗೆ ಹಚ್ಚಿಕೊಳ್ಳಲು ಬೆಂಗಳೂರಿನಿಂದ ತಂದಿದ್ದ ಹರಳೆಣ್ಣೆ ಸೂಟ್‌ಕೇಸಿನಲ್ಲಿತ್ತು. ದೀಪಕ್ಕೆ ಎಣ್ಣೆ ಹಾಕಿ ದಪ್ಪ ಬತ್ತಿ ಹಚ್ಚಿದರು. ಈಗಷ್ಟೇ ಬೆಳಗಿದ್ದ ಆರತಿ ತಟ್ಟೆಯನ್ನು ಮೂರು ಲೋಟಗಳ ಮೇಲೆ ಬೋರಲು ಹಾಕಿ ಕೆಳಗೆ ದೀಪ ಇಟ್ಟರು. ಎರಡು ನಿಮಿಷವಾಗಿರಲಿಲ್ಲ, ನಡುಮನೆಯ ಹೊಗೆ ಅಲಾರಂ ಕಿವಿ ಹರಿಯುವ ಹಾಗೆ ಕಿರುಚಿತು. ಇನ್ನು ಅಕ್ಕಪಕ್ಕದವರು ಬಂದು ಬಾಗಿಲು ಬಡಿದರೆ ಏನು ಹೇಳಲಿ? ಕುರ್ಚಿ ಹತ್ತಿ ಬ್ಯಾಟರಿ ಕಿತ್ತು ಜೇಬಿಗೆ ಹಾಕಿಕೊಂಡೆ. ಅತ್ತೆ ದೀಪದ ಮುಂದಿನಿಂದ ಅಲ್ಲಾಡಲೂ ಇಲ್ಲ.

ಆಗಸ್ಟಿನ ಸಂಜೆಯ ಬಿಸಿಲು ಅಡುಗೆಮನೆಯ ಕಿಟಕಿಯಿಂದ ಓರೆಯಾಗಿ ಬೀಳುತ್ತಿತ್ತು. ಮುಚ್ಚಳವನ್ನು ಆ ಬೆಳಕಿಗೆ ಹಿಡಿದು ನೋಡಿದೆ. ಆಳದ ಗೀರುಗಳು ಉಳಿದಿದ್ದವು. ಹಡಗಿನ ಒಡಲು, ತಿಮಿಂಗಿಲದ ಬೆನ್ನು ಕಾಣುತ್ತಿದ್ದವು. ಸಣ್ಣ ಗೀರುಗಳು ಅಲ್ಲಲ್ಲಿ ಅಳಿಸಿಹೋಗಿದ್ದವು. ಹೊಗೆ ಎಷ್ಟು ಸುರುಳಿ? ಅಲೆ ಎಷ್ಟು ಸಾಲು? ನೂರು ಸಲ ಆ ಪೆಟ್ಟಿಗೆ ನನ್ನ ಕೈಗೆ ಬಂದಿತ್ತು. ಒಂದು ಸಲವೂ ಸರಿಯಾಗಿ ನೋಡಿರಲಿಲ್ಲ ಎಂದು ಈಗ ಗೊತ್ತಾಯಿತು.

"ಫೋಟೋ ಇದೆಯಲ್ಲ," ಎಂದರು ಅತ್ತೆ.

"ಯಾವ ಫೋಟೋ?"

"ಬೆಳಗ್ಗೆ ವಾಟ್ಸಾಪಿಗೆ ಹಾಕಿದೀನಿ. ಸ್ವೀಡನ್ ಭರಣಿ ಅಂತ."

ಹಾಕಿದ್ದರು. ಫ್ಯಾಮಿಲಿ ಗ್ರೂಪಿನಲ್ಲಿ, ಪಕ್ಕದಲ್ಲಿ ದೀಪ ಹಚ್ಚಿ, ಪೆಟ್ಟಿಗೆಯ ಮೇಲೆ ಬಾಲ್ಕನಿಯ ಒಂದು ಚೆಂಡುಹೂವಿಟ್ಟು ತೆಗೆದ ಫೋಟೋ. ಮೈಸೂರಿನ ರಾಮದಾಸ ಚಿಕ್ಕಪ್ಪ ಅದಕ್ಕೆ ಮೂರು ಸಲ ಕೈಮುಗಿದಿದ್ದರು. ತಿಮಿಂಗಿಲಕ್ಕೆ ಕೈಮುಗಿದ ಮೊದಲ ಮನುಷ್ಯರು ಅವರೇ ಇರಬೇಕು. ನನಗೆ ನಗುವೂ ಬಂತು, ಅಳುವೂ ಬಂತು. ಅತ್ತೆಯ ಫೋಟೋ ಹುಚ್ಚಿಗೆ ಎಷ್ಟು ಸಲ ಬೈದುಕೊಂಡಿದ್ದೇನೋ, ಅಷ್ಟೂ ಸಲದ್ದನ್ನು ಮನಸ್ಸಿನಲ್ಲೇ ವಾಪಸ್ಸು ತೆಗೆದುಕೊಂಡೆ.

ವೈನ್ ಬಾಟಲಿಯ ಬಿರಡೆಗೆ ಹೊಲಿಗೆ ಸೂಜಿ ಚುಚ್ಚಿ ಕೊಟ್ಟೆ. ನಾನು ಫೋನು ಹಿಡಿದು ಫೋಟೋ ದೊಡ್ಡದು ಮಾಡಿ ತೋರಿಸುವುದು, ಅತ್ತೆ ಕನ್ನಡಕ ಮೂಗಿನ ತುದಿಗೆ ಇಳಿಸಿ ಗೀರುವುದು. ಐವತ್ತು ವರ್ಷ ದಿನಾ ಬಾಗಿಲಿಗೆ ರಂಗೋಲಿ ಹಾಕಿದ ಕೈ ಅದು. ಎಲ್ಲೂ ತಡವರಿಸಲಿಲ್ಲ. ಗೀರಿದ ಮೇಲೆ ಅಂಚು ಚೂಪಾಗಿ ಉಳಿಯದ ಹಾಗೆ ತೆಂಗಿನ ನಾರಿನಲ್ಲಿ ತೀಡಿ, ಕಾಡಿಗೆ ಮೆತ್ತಿ, ಹತ್ತಿಯಲ್ಲಿ ಒರೆಸಿದರೆ ಗೆರೆ ಮಾತ್ರ ಕಪ್ಪಾಗಿ ನಿಲ್ಲುತ್ತಿತ್ತು. ಹಡಗು ನಿಧಾನವಾಗಿ ಮೇಲೆದ್ದು ಬಂತು. ನಾವಿಬ್ಬರೂ ಉಸಿರು ಬಿಗಿಹಿಡಿದು ಕೂತಿದ್ದೆವು. ಎರಡು ದಿನದ ಜಗಳ ಎಲ್ಲಿ ಹೋಯಿತೋ.

ತೊಡಕು ಬಂದದ್ದು ಬಲಗಡೆಯ ಕೆಳಗಿನ ಮೂಲೆಯಲ್ಲಿ. ಫೋಟೋದಲ್ಲಿ ಆ ಜಾಗದ ಮೇಲೆ ಚೆಂಡುಹೂವು ಕೂತಿತ್ತು. ಮೂಳೆಯ ಮೇಲೆ ನೋಡಿದರೆ ಅಲ್ಲಿ ಒಂದು ಗೀರೂ ಇಲ್ಲ, ಹೆಬ್ಬೆರಳಷ್ಟು ಜಾಗ ನುಣ್ಣಗೆ ಬೋಳು.

"ಇಲ್ಲಿ ಏನೋ ಇತ್ತು ಅತ್ತೆ. ಸಣ್ಣ ಗೀರು ಇದ್ದಿರ್ಬೇಕು, ಹುಳಿ ತಿಂದುಬಿಟ್ಟಿದೆ. ಆರು ತಿಂಗಳು ಕೂತು ಗೀರಿದೋರು ಇಷ್ಟು ಜಾಗ ಯಾಕೆ ಬಿಡ್ತಾರೆ?"

"ಏನಿತ್ತು?"

"ಗೊತ್ತಿಲ್ಲ."

"ಗೊತ್ತಿಲ್ದೆ ಇರೋ ಕಡೆ ಕೈ ಹಾಕ್ಬಾರ್ದು. ಹಾಗೇ ಬಿಡು." ಅತ್ತೆ ಸೂಜಿ ಕೆಳಗಿಟ್ಟರು. "ನಾಳೆ ಅವರು ಬಂದಾಗ ನಾನೇ ಹೇಳ್ತೀನಿ. ನನ್ನಿಂದ ಹೀಗಾಯ್ತು, ತೊಳೆದುಬಿಟ್ಟೆ, ತಿದ್ದಿದೀನಿ, ಈ ಮೂಲೆ ಮಾತ್ರ ಆಗ್ಲಿಲ್ಲ ಅಂತ. ನೀನು ಅವರ ಭಾಷೆಲಿ ಹೇಳು, ಸಾಕು."

"ನಾಳೆನಾ? ಹೆಂಡತಿ ಬೂದಿ ಹೂಳೋ ದಿನ?"

"ಕೈಗೆ ಕೊಡೋವಾಗ್ಲೇ ಹೇಳ್ಬೇಕು ಕೋಕಿಲಾ. ಕೊಟ್ಟು ಕಳಿಸಿ ಆಮೇಲೆ ಹೇಳಿದ್ರೆ ಅದು ಹೇಳಿದ ಹಾಗಲ್ಲ. ಮೊನ್ನೆ ನೀನೇ ಬೈದಲ್ಲ ನಂಗೆ, ಸುಳ್ಳು ಹೇಳ್ತೀರ ಅಂತ."

"ಸರಿ ಅತ್ತೆ. ಹೇಳ್ತೀನಿ. ಪ್ರಾಮಿಸ್," ಎಂದೆ.

ಶುಕ್ರವಾರ ಬೆಳಗ್ಗೆ ಅತ್ತೆ ಎರಡು ಸಲ ಸ್ನಾನ ಮಾಡಿದರು. ತಟ್ಟೆಯನ್ನು ಮತ್ತೆ ಬೆಳಗಿದರು. ಕಲಶ ಇಟ್ಟು, ಸೀರೆ ಉಡಿಸಿ, ಬೆಳ್ಳಿಯ ಮುಖವಾಡ ಕಟ್ಟಿದರು. ನಾರ್‌ಶೋಪಿಂಗ್‌ಗೆ ಕೆಲಸದ ಮೇಲೆ ಹೋಗಿದ್ದ ಸುಧೀರ್ ವಿಡಿಯೋದಲ್ಲೇ ನಮಸ್ಕಾರ ಹಾಕಿದ. ಹಬ್ಬಕ್ಕೆಂದು ನಾನು ರಜೆ ಹಾಕಿದ್ದೆ. ಹತ್ತೂವರೆಗೆ ಅತ್ತೆ ಕನ್ನಡಕ ತೆಗೆದಿಟ್ಟು, ಕಣ್ಣು ಮುಚ್ಚಿ, ಲಕ್ಷ್ಮಿಯ ಮುಂದೆ ಅಷ್ಟೋತ್ತರಕ್ಕೆ ಕೂತರು. ನಾನು ಅಡುಗೆಮನೆಯಲ್ಲಿ ಪೆಟ್ಟಿಗೆ ಕೈಗೆತ್ತಿಕೊಂಡೆ.

ಹಗಲಿನ ಬೆಳಕಿನಲ್ಲಿ ಚಿತ್ರ ಚೆನ್ನಾಗಿಯೇ ಕಾಣುತ್ತಿತ್ತು. ಕೊಬ್ಬರಿ ಎಣ್ಣೆ ಸವರಿದ್ದರಿಂದ ಮೂಳೆಗೆ ಹಳೆಯ ಬಣ್ಣವೂ ಅಷ್ಟಿಷ್ಟು ಮರಳಿತ್ತು. ಆ ಮೂಲೆ ಮಾತ್ರ ಉದುರಿದ ಹಲ್ಲಿನ ಜಾಗದ ಹಾಗೆ ಎದ್ದು ಕಾಣುತ್ತಿತ್ತು. ಸ್ಟೇನ್ ಕಣ್ಣಿನಿಂದ ನೋಡುವವರಲ್ಲ, ಹೆಬ್ಬೆರಳಿನಿಂದ ನೋಡುವವರು. ಬೆರಳು ಅಲ್ಲಿಗೆ ಬರುತ್ತದೆ, ಏನೂ ಸಿಗುವುದಿಲ್ಲ, ಗೊತ್ತಾಗುತ್ತದೆ. ಗೊತ್ತಾದವರು ಎರಡು ಗಂಟೆಗೆ ಸ್ಮಶಾನದಲ್ಲಿ ಹೇಗೆ ನಿಲ್ಲುತ್ತಾರೆ?

ಅತ್ತೆ ಹೇಳಬೇಕು ಎಂದರೆ ಹೇಳೋಣ, ಆದರೆ ಮುಂದಿನ ವಾರ ಹೇಳೋಣ, ಅವರು ಹೊಸ ಕೋಣೆಗೆ ಹೋಗಿ ಸ್ವಲ್ಪ ನೆಲೆಯಾಗಲಿ ಎಂದು ನನಗೆ ನಾನೇ ಹೇಳಿಕೊಂಡೆ. ಬಿರಡೆ ಸೂಜಿ ಅಲ್ಲೇ ಇತ್ತು. ಸಮುದ್ರ ಎಂದ ಮೇಲೆ ಏನಿದ್ದೀತು? ಹಕ್ಕಿ. ಎರಡು ರೆಕ್ಕೆ, ಸಣ್ಣ ಒಡಲು, ಒಂದು ಕೊಕ್ಕು. ಮೂರು ನಿಮಿಷವೂ ಹಿಡಿಯಲಿಲ್ಲ. ಕಾಡಿಗೆ ಮೆತ್ತಿ ಒರೆಸಿದೆ. ಒಂದು ರೆಕ್ಕೆ ಇನ್ನೊಂದಕ್ಕಿಂತ ಉದ್ದವಾಗಿತ್ತು.

ಅದನ್ನು ನೋಡುತ್ತ ನಿಂತಿರುವಾಗಲೇ ಬಾಗಿಲ ಗಂಟೆ ಹೊಡೆಯಿತು. ಗಡಿಯಾರ ನೋಡಿದೆ. ಹನ್ನೊಂದಕ್ಕೆ ಹತ್ತು ನಿಮಿಷ. ಹನ್ನೆರಡಕ್ಕೆ ಎಂದಿದ್ದರಲ್ಲ!

ಪೆಟ್ಟಿಗೆಯನ್ನು ನೀಲಿ ಶಾಲಿನಲ್ಲಿ ಸುತ್ತಿ ನಡುಮನೆಗೆ ಓಡಿದೆ. ಅತ್ತೆ ಆಗಲೇ ಬಾಗಿಲು ತೆಗೆದಿದ್ದರು. ಕಪ್ಪು ಸೂಟು, ಬಿಳಿ ಟೈ ತೊಟ್ಟ ಸ್ಟೇನ್ ಹೊಸ್ತಿಲಲ್ಲಿ ನಿಂತಿದ್ದರು.

"ಮನೆಯಲ್ಲಿ ಕೂರಲು ಆಗಲಿಲ್ಲ. ಆನಿಕಾ ಕೆಳಗೆ ಕಾರಿನಲ್ಲಿದ್ದಾಳೆ."

ಅತ್ತೆ ನನ್ನ ಕೈಯಿಂದ ಗಂಟನ್ನು ತೆಗೆದುಕೊಂಡರು. ರೇಷ್ಮೆ ಸೀರೆ, ಹಣೆ ತುಂಬ ಕುಂಕುಮ. ಎರಡೂ ಕೈಯಲ್ಲಿ ಅದನ್ನು ಅವರ ಕೈಗಿಟ್ಟು, ಒಂದು ಹೆಜ್ಜೆ ಹಿಂದೆ ಸರಿದು ಕೈಮುಗಿದರು. "ಯಜಮಾನರೆ, ನನ್ನಿಂದ ದೊಡ್ಡ ತಪ್ಪಾಗಿದೆ. ಗೊತ್ತಿಲ್ದೆ ಮಾಡಿದ್ದು. ದಯವಿಟ್ಟು ಮನ್ನಿಸ್ಬೇಕು." "ಹೇಳು ಕೋಕಿಲಾ."

ಸ್ಟೇನ್ ಅದನ್ನು ಸ್ವಾಗತ ಎಂದುಕೊಂಡು ತಲೆಬಾಗಿದರು. ಶಾಲು ಬಿಚ್ಚುತ್ತಿದ್ದರು. ಪೆಟ್ಟಿಗೆಯನ್ನು ಮೂಗಿನ ಹತ್ತಿರ ತಂದು, "ನಿಮ್ಮ ಮನೆಯ ವಾಸನೆ ಹಿಡಿದು ಬಂದಿದೆ," ಎಂದು ನಕ್ಕರು.

"ಸ್ಟೇನ್, ನಮ್ಮತ್ತೆ ನಿಮಗೆ ಒಂದು ವಿಷಯ ಹೇಳಬೇಕಂತೆ..."

ಅವರ ಹೆಬ್ಬೆರಳು ಮುಚ್ಚಳದ ಮೇಲೆ ನಡೆಯತೊಡಗಿತ್ತು. ಹೊಗೆ, ಹಡಗು, ಅಲೆ, ತಿಮಿಂಗಿಲದ ಬೆನ್ನು. ಆಮೇಲೆ ಮೂಲೆ. ಬೆರಳು ನಿಂತಿತು. ಹಿಂದೆ ಹೋಯಿತು. ಮತ್ತೆ ಬಂದು ಅಲ್ಲೇ ನಿಂತಿತು.

"ಇಲ್ಲಿ ಏನೋ ಇದೆ," ಎಂದರು.

ಮುಗಿಯಿತು ಎಂದುಕೊಂಡೆ.

"ಏನಿದೆ ಇಲ್ಲಿ? ನನ್ನ ಕಣ್ಣಿಗೆ ಸಿಗುತ್ತಿಲ್ಲ. ನೋಡಿ ಹೇಳು."

"ಹಕ್ಕಿ," ಎಂದೆ. "ಒಂದು ಹಕ್ಕಿ ಇದೆ."

ಅವರು ಬಾಗಿಲ ಪಕ್ಕದ ಚಪ್ಪಲಿ ಬೆಂಚಿನ ಮೇಲೆ ಕುಸಿದು ಕೂತರು. ಬೆರಳು ರೆಕ್ಕೆಯ ಮೇಲೆ ಹೋಗಿ ಬರುತ್ತಿತ್ತು.

"ಈ ಜಾಗ ನಾನು ಬೇಕೆಂದೇ ಖಾಲಿ ಬಿಟ್ಟದ್ದು," ಎಂದರು ಕೊನೆಗೆ. "ಇದು ಅವಳ ಜಾಗ. ಊರಿಗೆ ಬಂದು ಪೆಟ್ಟಿಗೆ ಕೊಟ್ಟಾಗ ಸೂಜಿಯನ್ನೂ ಕೊಟ್ಟಿದ್ದೆ. ಇಲ್ಲಿ ನೀನು ಏನಾದರೂ ಗೀರು, ಆಗ ಇದು ಇಬ್ಬರದೂ ಆಗುತ್ತದೆ ಅಂದೆ. ನನಗೆ ಚಿತ್ರ ಬರುವುದಿಲ್ಲ, ಆಮೇಲೆ ನೋಡೋಣ ಅಂದಳು. ಪ್ರತಿ ಕ್ರಿಸ್ಮಸ್‌ಗೆ ಕೇಳುತ್ತಿದ್ದೆ. ಪ್ರತಿ ಸಲವೂ ಆಮೇಲೆ ಅನ್ನುತ್ತಿದ್ದಳು. ಅವಳು ಹೋದ ಮೇಲೆ ಇದನ್ನು ಬಿಚ್ಚಿ ಮುಟ್ಟಲು ನನಗೆ ಧೈರ್ಯವೇ ಆಗಲಿಲ್ಲ. ಬೆರಳಿಗೆ ಆ ಖಾಲಿ ಜಾಗವೇ ಸಿಗುತ್ತದಲ್ಲ ಎಂದು." ಅವರು ತಲೆ ಎತ್ತಿದರು. ನನ್ನ ಮುಖ ಎಲ್ಲಿದೆ ಎಂದು ಕಣ್ಣಂಚಿನಲ್ಲಿ ಹುಡುಕಿದರು. "ಈ ಗೆರೆ ಚೂಪಾಗಿದೆ ಕೋಕಿಲಾ. ನನ್ನವೆಲ್ಲ ಸವೆದಿವೆ, ಇದು ಹೊಸದು. ಕೊನೆಯ ದಿನಗಳಲ್ಲಿ ಮಾಡಿದ್ದಾಳೆ. ನಾನು ಮನೆಯಲ್ಲಿ ಇಲ್ಲದಾಗ. ಮಂಗಳವಾರಗಳಲ್ಲಿ ನೀನು ಜೊತೆಗಿರುತ್ತಿದ್ದೆಯಲ್ಲ. ನೋಡಿದೆಯಾ?"

ಅತ್ತೆ ನನ್ನ ತೋಳು ಹಿಡಿದು ಅಲ್ಲಾಡಿಸಿದರು. "ಏನಂತೆ? ಹೇಳಿದ್ಯಾ?"

ಅಲ್ಲ, ಅದು ನಾನು ಗೀರಿದ್ದು. ಈಗಷ್ಟೇ, ಹತ್ತು ನಿಮಿಷದ ಹಿಂದೆ, ಬಿರಡೆಗೆ ಸಿಕ್ಕಿಸಿದ ಸೂಜಿಯಲ್ಲಿ. ಈ ಮಾತು ಹೇಳಲು ಸ್ವೀಡಿಷ್‌ನಲ್ಲಿ ಎಷ್ಟು ಪದ ಬೇಕು? ಒಂದೊಂದು ಪದವೂ ನನಗೆ ಗೊತ್ತಿತ್ತು. ಕಲಿಸಿದವರು ಮಾಯ್‌ಬ್ರಿತ್. ಸ್ಟೇನ್ ಕಾಯುತ್ತಿದ್ದರು. ಅವರ ಮುಖವನ್ನು ಏಪ್ರಿಲ್‌ನಿಂದ ದಿನಾ ನೋಡುತ್ತಿದ್ದೇನೆ. ಇವತ್ತಿನ ಹಾಗೆ ಒಂದು ದಿನವೂ ಇರಲಿಲ್ಲ.

"ನೋಡಿದೆ," ಎಂದೆ.

"ಏನಾದರೂ ಅಂದಳೇ?"

"ನಿಮಗೆ ಹೇಳಬಾರದು ಅಂದರು. ನೀವಾಗಿಯೇ ಕಂಡುಹಿಡಿಯಬೇಕಂತೆ." ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ಒಂದು ರೆಕ್ಕೆ ಉದ್ದ ಆಯಿತು ಅಂತ ನಕ್ಕರು."

ಸ್ಟೇನ್ ಕೂಡ ನಕ್ಕರು. ಆ ನಗುವಿನಲ್ಲೇ ಅಳು ಬಂತು. ತೊಂಬತ್ತರ ಹತ್ತಿರದ ಗಂಡಸು ಚಪ್ಪಲಿ ಬೆಂಚಿನ ಮೇಲೆ ಕೂತು, ಪೆಟ್ಟಿಗೆಯನ್ನು ಕೆನ್ನೆಗೊತ್ತಿಕೊಂಡು, ಮಗುವಿನ ಹಾಗೆ ಅತ್ತರು.

"ಹೇಳಿದ್ಯೇನೇ?" ಅತ್ತೆಯ ಕಣ್ಣಿನಲ್ಲೂ ನೀರು.

"ಹೇಳಿದೆ ಅತ್ತೆ."

"ಬಹಳ ನೊಂದ್ಕೊಂಡ್ರು ಅಲ್ವಾ? ಏನಂದ್ರು?"

"ಪರವಾಗಿಲ್ಲ ಅಂದ್ರು. ಬೇಜಾರು ಮಾಡ್ಕೋಬೇಡಿ ಅಂದ್ರು."

ಅಷ್ಟರಲ್ಲಿ ಸ್ಟೇನ್ ಎದ್ದು ನಿಂತರು. ತಡವರಿಸಿ ಅತ್ತೆಯ ಎರಡೂ ಕೈ ಹಿಡಿದುಕೊಂಡರು. "ನಿನ್ನತ್ತೆಗೆ ಹೇಳು, ಇದನ್ನು ಇಷ್ಟು ಜೋಪಾನವಾಗಿ ಇಟ್ಟುಕೊಂಡಿದ್ದಕ್ಕೆ ಋಣಿ ಎಂದು," ಎಂದರು. ಅತ್ತೆ ಆ ಕೈಗಳನ್ನು ಕಣ್ಣಿಗೊತ್ತಿಕೊಂಡರು. ಮನ್ನಿಸಿದರು ಎಂದೇ ಅವರು ತಿಳಿದರು. ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದು ಅಳುತ್ತಿದ್ದರು. ಇಬ್ಬರಿಗೂ ನಾನು ಬೇರೆ ಬೇರೆ ಸುಳ್ಳು ಹೇಳಿದ್ದೆ. ಮಧ್ಯದಲ್ಲಿ ನಿಂತಿದ್ದವಳ ಕಣ್ಣು ಮಾತ್ರ ಒಣಗಿತ್ತು.

ಅತ್ತೆ ಒಳಗೆ ಓಡಿ ಹೋಳಿಗೆ ಕಟ್ಟಿಕೊಂಡು ಬಂದು ಅವರ ಕೈಗಿಟ್ಟರು. ಲಿಫ್ಟಿನವರೆಗೆ ನಾನು ಜೊತೆಗೆ ಹೋದೆ. ಬಾಗಿಲು ಮುಚ್ಚುವಾಗ ಸ್ಟೇನ್, "ನಾನು ಹೋದಾಗ ಇದನ್ನು ನನ್ನ ಜೊತೆಗೇ ಇಡಬೇಕು ಎಂದು ಆನಿಕಾಗೆ ಈಗಲೇ ಹೇಳಿಬಿಡುತ್ತೇನೆ," ಎಂದರು. ಕಿಟಕಿಯಿಂದ ನೋಡಿದೆ. ಕಾರು ತಿರುವಿನಲ್ಲಿ ಮರೆಯಾಯಿತು. ಮುಂದಿನ ವಾರ ಹೇಳೋಣ ಎಂದುಕೊಂಡಿದ್ದೆನಲ್ಲ. ಆ ಮುಂದಿನ ವಾರ ಇನ್ನು ಬರುವುದಿಲ್ಲ.

ಅತ್ತೆ ದೇವರ ಮುಂದೆ ಕಾಲು ಚಾಚಿ ಕೂತಿದ್ದರು. ಮುಖ ಹಗುರವಾಗಿತ್ತು. ಬಾ ಎಂದು ಪಕ್ಕದಲ್ಲಿ ಕೂರಿಸಿಕೊಂಡರು.

"ರಾತ್ರಿಯೆಲ್ಲ ಕಣ್ಣು ಮುಚ್ಚಿಲ್ಲ ಕಣೆ. ಈಗ ಎದೆ ಮೇಲಿನ ಭಾರ ಇಳೀತು." ಸೆರಗಿನಲ್ಲಿ ಮುಖ ಒರೆಸಿಕೊಂಡರು. "ಒಂದು ಮಾತು ಹೇಳ್ತೀನಿ, ಜಂಬ ಪಡ್ಬೇಡ. ಮೊನ್ನೆ ನಿನ್ನ ಮೇಲೆ ತುಂಬ ಕೋಪ ಬಂದಿತ್ತು. ಆದ್ರೆ ಬೇರೆ ಯಾರಾದ್ರೂ ಆಗಿದ್ರೆ ಇವತ್ತು ಆ ಮನುಷ್ಯನ ಮುಂದೆ ಏನೋ ಒಂದು ಹೇಳಿ ಮುಚ್ಚಿಹಾಕ್ತಿದ್ರು. ನಂಗೆ ಭಾಷೆ ಬರುತ್ತಾ, ಏನು ಗೊತ್ತಾಗುತ್ತೆ? ನಿನ್ನ ಬಾಯಿ ಖಾರ ಇರ್ಬಹುದು, ಸುಳ್ಳಾಡೋ ಬಾಯಲ್ಲ. ಅದಕ್ಕೇ ಧೈರ್ಯವಾಗಿ ನಿನ್ನ ಕೈಲಿ ಹೇಳಿಸ್ದೆ."

ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಅತ್ತೆ ನನ್ನನ್ನು ಮುಖಕ್ಕೆ ಹೊಗಳಿದ್ದು ಇದೇ ಮೊದಲು.

ಪಕ್ಕದಲ್ಲಿ ಬಟ್ಟಲಿನಲ್ಲಿ ಕಾಡಿಗೆ ಉಳಿದಿತ್ತು. ಅತ್ತೆ ಉಂಗುರದ ಬೆರಳನ್ನು ಅದರಲ್ಲಿ ಅದ್ದಿದರು. ನನ್ನ ಗಲ್ಲ ಹಿಡಿದು ಮುಖವನ್ನು ತಮ್ಮ ಕಡೆ ತಿರುಗಿಸಿಕೊಂಡರು.

"ಹಬ್ಬದ ದಿನ, ನನ್ನ ಸೊಸೆಗೆ ಯಾರ ದೃಷ್ಟಿನೂ ತಾಗ್ದೆ ಇರ್ಲಿ."

ಬೇಡ ಅತ್ತೆ ಎನ್ನಬೇಕು ಎಂದು ಬಾಯಿ ತೆರೆದೆ. ಆದರೆ ಅವರು ಬೊಟ್ಟು ಇಟ್ಟು ಮುಗಿಸುವವರೆಗೆ ಅಲ್ಲಾಡದೆ ಕೂತಿದ್ದೆ.